ಗೇಟು ಮುಚ್ಚಿತ್ತು

ಫೆಬ್ರವರಿ 14, ಶುಕ್ರವಾರ

ಹಲಗೆ ಜೋಡಿಸುವ ಯಂತ್ರದ ಗೇಟಿಗೆ ಇವತ್ತು ಹೊಸ ಸೆನ್ಸರ್ ಹಾಕಿದೆ. ಒಬ್ಬಳೇ ಹಾಕಿದೆ. ಹೊರಗೆ ಹೇಳಿಕೊಳ್ಳುವ ಹಾಗಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಅಲ್ಲಿ ಇದ್ದದ್ದು ಕಬ್ಬಿಣದ ಕಡ್ಡಿಯ ಸ್ವಿಚ್ಚು. ಗೇಟು ಮುಚ್ಚಿದರೆ ಕಡ್ಡಿ ಒತ್ತಿಕೊಳ್ಳುತ್ತದೆ, ಯಂತ್ರ ನಡೆಸುವ ಕಂಟ್ರೋಲರ್‌ಗೆ ಕರೆಂಟ್ ಹೋಗುತ್ತದೆ, ಹಲಗೆ ಎಳೆಯುವ ಸರಪಳಿ ಓಡುತ್ತದೆ. ಗೇಟು ತೆರೆದರೆ ಸರಪಳಿ ನಿಲ್ಲುತ್ತದೆ. ಈ ಚಳಿಗಾಲವೆಲ್ಲ ಮರದ ಪುಡಿಯೂ ಹಿಮವೂ ಸೇರಿ ಕಡ್ಡಿ ಮರಗಟ್ಟಿ, ಗೇಟು ಮುಚ್ಚಿದ್ದರೂ ಸರಪಳಿ ನಿಂತು ನಿಂತು ಹೋಗುತ್ತಿತ್ತು. ಹೊಸ ಸೆನ್ಸರ್‌ನಲ್ಲಿ ಅಲುಗುವಂಥದ್ದು ಏನೂ ಇಲ್ಲ. ಕಬ್ಬಿಣ ಹತ್ತಿರ ಬಂದರೆ ಅದಕ್ಕೇ ಗೊತ್ತಾಗುತ್ತದೆ.

ನಿಯಮದ ಪ್ರಕಾರ ನಾನು ಒಬ್ಬಳೇ ತಂತಿ ಮುಟ್ಟಬಾರದು. ನನ್ನ ಓದು ಊರಿನ ಶಾಲೆಗೇ ಮುಗಿಯಿತು. ಯೊಯೆನ್ಸೂ ಪಟ್ಟಣದ ವೃತ್ತಿಶಾಲೆಗೆ ಸೇರಿದ್ದೆ. ಒಬ್ಬೊಬ್ಬರಾಗಿ ಎದ್ದು ನಿಂತು ತಮ್ಮ ಬಗ್ಗೆ ಹೇಳಿ ಎಂದ ದಿನ, ನನ್ನ ಸರದಿಗೆ ಮುಂಚೆಯೇ ಹಿಂಬಾಗಿಲಿನಿಂದ ಹೊರಬಂದು ಬಸ್ ಹತ್ತಿದೆ. ಮತ್ತೆ ಹೋಗಲಿಲ್ಲ. ಈ ಮರದ ಮಿಲ್ಲಿನಲ್ಲಿ ನನಗೆ ಕೆಲಸ ಕಲಿಸಿದವನು ಇಲ್ಲಿನ ಎಲೆಕ್ಟ್ರಿಷಿಯನ್ ರೈಮೊ ಹುಲ್ಕೊ. ಮಾಡಿದ್ದು ನಾನಾದರೂ ಸಹಿ ಅವನದು.

"ನೀನೇ ಹಾಕಿಬಿಡು ಹೆನ್ನಾ," ಅಂದ. "ನನ್ನ ಮಂಡಿಗೂ ಆ ಏಣಿಗೂ ಮಾತುಕತೆ ನಿಂತು ವರ್ಷ ಆಯ್ತು. ಆದ್ರೆ ಒಂದು ನೆನಪಿರ್ಲಿ. ಇದು ಎರಡೇ ತಂತಿ ಸೆನ್ಸರ್. ಕಡ್ಡಿ ಸ್ವಿಚ್ಚು ಆರಿದ್ರೆ ಸತ್ತ ಹಾಗೆ. ಇದು ಹಾಗಲ್ಲ, ನಿದ್ದೆ ಮಾಡ್ತಿದ್ರೂ ಉಸಿರಾಡ್ತಿರುತ್ತೆ. ಆರಿದಾಗ್ಲೂ ಚೂರು ಕರೆಂಟ್ ಸೋರುತ್ತೆ. ಕಂಟ್ರೋಲರ್‌ಗೆ ಅಷ್ಟೇ ಸಾಕು, ಗೇಟು ಮುಚ್ಚಿದೆ ಅಂದ್ಕೊಂಡ್ಬಿಡುತ್ತೆ. ಪಕ್ಕದಲ್ಲಿ ಒಂದು ರೆಸಿಸ್ಟರ್ ಹಾಕಿ ಆ ಸೋರಿಕೇನ ಬೇರೆ ದಾರಿಗೆ ಬಿಡು."

ಡ್ರಾಯರಿನಲ್ಲಿ ಆ ಅಳತೆಯ ರೆಸಿಸ್ಟರ್ ಇರಲಿಲ್ಲ. ರೈಮೊನನ್ನು ಕೇಳೋಣವೆಂದು ಕಾಫಿ ಕೋಣೆಗೆ ಹೋದೆ. ಶುಕ್ರವಾರದ ಕಾಫಿ. ಮೇಜಿನ ತುಂಬ ಗಂಡಸರು. ತೈಸ್ಟೊ ಕ್ಯಾರ್ನ್ಯಾ ತಾನು ಹಿಡಿಯದೆ ಬಿಟ್ಟ ಮೀನಿನ ಕಥೆ ಹೇಳುತ್ತಿದ್ದ, ಎಲ್ಲರೂ ನಗುತ್ತಿದ್ದರು. ಬಾಯಿ ತೆರೆದರೆ ಎಲ್ಲ ತಲೆಗಳೂ ನನ್ನ ಕಡೆಗೆ ತಿರುಗುತ್ತವೆ. ಬಾಗಿಲಲ್ಲೇ ನಿಂತಿದ್ದು, ಕೈಗವಸು ಮರೆತವಳ ಹಾಗೆ ಅತ್ತಿತ್ತ ನೋಡಿ ವಾಪಸು ಬಂದೆ.

ಗೇಟು ತೆರೆದು ನೋಡಿದೆ. ಕಂಟ್ರೋಲರ್ ಮೇಲಿನ ಪುಟ್ಟ ಹಸಿರು ದೀಪ ಕುಗ್ಗಿತು. ಪೂರ್ತಿ ಆರಲಿಲ್ಲ, ಬೂದಿಯೊಳಗಿನ ಕೆಂಡದ ಹಾಗೆ ಒಂದು ಚೂರು ಉಳಿಯಿತು. ಆದರೆ ಪರದೆಯ ಮೇಲೆ "ಗೇಟು ತೆರೆದಿದೆ" ಎಂದೇ ಬಂತು. ಸರಪಳಿಯೂ ನಿಂತಿತು. ಮತ್ತೆ ಮತ್ತೆ ತೆರೆದು ನೋಡಿದೆ. ಪ್ರತಿ ಸಲವೂ ನಿಂತಿತು.

"ಆಯ್ತಾ?" ಎಂದು ರೈಮೊ ಕೇಳಿದ.

"ಆಯ್ತು" ಅಂದೆ.

ಸೋಮವಾರ ರೆಸಿಸ್ಟರ್ ತರಿಸಿ ಹಾಕಿದರಾಯಿತು.

ಮಾರ್ಚ್ 6, ಗುರುವಾರ

ಗೇಟು ಒಂದು ಸಲವೂ ತೊಂದರೆ ಕೊಟ್ಟಿಲ್ಲ. ಆ ಯಂತ್ರ ನೋಡಿಕೊಳ್ಳುವವನು ತೈಸ್ಟೊ. ಇವತ್ತು ಎಲ್ಲರ ಎದುರಿಗೆ, "ಈ ಹುಡುಗಿ ಕೈ ಚೆನ್ನಾಗಿದೆ ಕಣ್ರೋ, ಬಾಯಿ ಒಂದು ಕೊಟ್ಟಿಲ್ಲ ದೇವ್ರು ಅಷ್ಟೇ," ಅಂದ. ಕಿವಿ ಸುಟ್ಟುಹೋದ ಹಾಗಾಯಿತು. ಆದರೂ ಮನೆಗೆ ಬರುವಾಗ ದಾರಿಯುದ್ದಕ್ಕೂ ಆ ಮಾತನ್ನೇ ನೆನೆಸಿಕೊಂಡೆ.

ನಮ್ಮ ಮಿಲ್ಲಿನ ಕೆಲಸಗಾರರು ಸುರಕ್ಷತೆಯ ಪ್ರತಿನಿಧಿಯಾಗಿ ಆರಿಸಿರುವುದು ಅವನನ್ನೇ. ಗೇಟು ಸೊಂಟದೆತ್ತರ ಮಾತ್ರ. ಸಿಕ್ಕಿಕೊಂಡ ಹಲಗೆ ಬಿಡಿಸಲು ಹುಡುಗರು ಗೇಟು ತೆರೆಯದೆ ಮೇಲಿನಿಂದಲೇ ಕೈ ಚಾಚುತ್ತಾರೆ. ಕಂಡರೆ ತೈಸ್ಟೊ ಬಿಡುವುದಿಲ್ಲ. "ಮೇಲಿಂದ ಕೈ ಹಾಕೋನು ಕೈ ಇಲ್ಲೇ ಬಿಟ್ಟು ಮನೆಗೆ ಹೋಗ್ತಾನೆ" ಎಂದು ಅವನು ಹೇಳಿದ್ದನ್ನು ಕೇಳಿ ಕೇಳಿ ಹುಡುಗರು ಈಗ ಅವನ ದನಿಯಲ್ಲೇ ಅಣಕಿಸುತ್ತಾರೆ.

ರೆಸಿಸ್ಟರ್ ತರಿಸಬೇಕು. ಈ ವಾರ ಮರದ ಪುಡಿ ಹೀರುವ ಮೋಟಾರು ಸುಟ್ಟು ಪುರುಸೊತ್ತೇ ಆಗಲಿಲ್ಲ.

ಮಾರ್ಚ್ 25, ಮಂಗಳವಾರ

ತೈಸ್ಟೊನ ಬಲಗೈ ಸರಪಳಿಗೆ ಸಿಕ್ಕಿತು.

ನಾನು ಇನ್ನೊಂದು ತುದಿಯಲ್ಲಿದ್ದೆ. ಕೂಗು ಕೇಳಿತು, ಯಾರೋ ತುರ್ತು ಗುಂಡಿ ಒತ್ತಿದರು, ಎಲ್ಲ ನಿಂತಿತು. ಮಿಲ್ಲು ಅಷ್ಟು ನಿಶ್ಶಬ್ದವಾದದ್ದನ್ನು ನಾನು ಕೇಳಿರಲಿಲ್ಲ. ಮಾಡಿನಿಂದ ಕರಗಿದ ಹಿಮ ತೊಟ್ಟಿಕ್ಕುವುದು ಕೇಳಿಸುತ್ತಿತ್ತು. ಇವತ್ತು ಬೆಳಗಿನಿಂದ ಬೆಚ್ಚಗಿತ್ತು.

ಹೆಲಿಕಾಪ್ಟರ್ ಬಂದು ಕರೆದುಕೊಂಡು ಹೋಯಿತು.

ಮಾರ್ಚ್ 26, ಬುಧವಾರ

ಇವತ್ತಿನದನ್ನು ನಡೆದ ಹಾಗೆ ಬರೆಯಬೇಕು.

ಬೆಳಿಗ್ಗೆ ರೈಮೊ, "ತನಿಖೆಯವ್ರು ಮಧ್ಯಾಹ್ನ ಬರ್ತಾರೆ. ಗೇಟಿನ ಪೆಟ್ಟಿಗೆ ಒಂದ್ಸಲ ನೋಡ್ಬಿಡು," ಎಂದು ಹೇಳಿ ಮ್ಯಾನೇಜರ್ ಕೋಣೆಗೆ ಹೋದ. ನಾನು ತಂತಿಗಳನ್ನು ಜೋಡಿಸಿದ್ದ ಪೆಟ್ಟಿಗೆಯನ್ನು ತೆರೆದೆ. ಒಳಗೆಲ್ಲ ನೀರಿನ ಹನಿ. ಚಳಿಗಾಲದಲ್ಲಿ ಒಣಗಿದ್ದ ಪೆಟ್ಟಿಗೆ ನಿನ್ನೆಯ ಬಿಸಿಲಿಗೆ ಬೆವರಿತ್ತು. ಗೇಟು ತೆರೆದೆ. ಹಸಿರು ದೀಪ ಒಂದಿಷ್ಟು ಕುಗ್ಗಿ ಹಾಗೇ ನಿಂತಿತು. ಪರದೆಯ ಮೇಲೆ "ಗೇಟು ಮುಚ್ಚಿದೆ" ಎಂದಿತ್ತು. ನಾನು ತೆರೆದ ಗೇಟನ್ನು ಹಿಡಿದುಕೊಂಡೇ ನಿಂತಿದ್ದೆ.

ಸೆನ್ಸರ್ ಸೋರುತ್ತಿತ್ತು, ತೇವವೂ ಜೊತೆಗೆ ಸೋರುತ್ತಿತ್ತು. ಎರಡೂ ಸೇರಿ ಕಂಟ್ರೋಲರ್‌ಗೆ ಸಾಕಾಗಿತ್ತು.

ಹಾಗೇ ಬಿಟ್ಟರೆ ಇನ್ನೊಬ್ಬರ ಕೈ ಹೋಗಬಹುದು. ಆದ್ದರಿಂದ ಒರೆಸಿ ಒಣಗಿಸಿದೆ. ಹಳೆಯ ಸರ್ಕ್ಯೂಟ್ ಕಾರ್ಡೊಂದರಿಂದ ರೆಸಿಸ್ಟರ್ ಕಿತ್ತು ತಂದು ಹಾಕಿದೆ. ದೀಪ ಪೂರ್ತಿ ಆರಿತು. ಸರಿಯಾದ ಕೆಲಸವನ್ನೇ ಮಾಡಿದ್ದು. ಯಾರೇ ಆಗಿದ್ದರೂ ಅದನ್ನೇ ಮಾಡುತ್ತಿದ್ದರು.

ತನಿಖೆಗೆ ಬಂದ ಹೆಂಗಸು ಗೇಟನ್ನು ತಾನೇ ತೆರೆದು ಮುಚ್ಚಿ ನೋಡಿದಳು. ಪ್ರತಿ ಸಲ ಸರಿಯಾಗಿತ್ತು. ಕಂಟ್ರೋಲರ್‌ನ ದಾಖಲೆ ತೆಗೆಸಿದಳು. ತುರ್ತು ಗುಂಡಿ ಒತ್ತುವವರೆಗೂ "ಗೇಟು ಮುಚ್ಚಿದೆ" ಎಂದೇ ಇತ್ತು, ಆಮೇಲೆ ದಾಖಲೆಯೇ ನಿಂತುಹೋಗಿತ್ತು. ಓಡಿ ಬಂದವರಿಗೆ ಗೇಟು ತೆರೆದಿತ್ತೋ ತಾವೇ ತೆರೆದರೋ ನೆನಪಿಲ್ಲ.

"ಅಂದ್ರೆ ಮೇಲಿಂದ ಕೈ ಹಾಕಿದ್ದಾರೆ," ಅಂದಳು. ಮ್ಯಾನೇಜರ್ ತಲೆಯಾಡಿಸಿದ. ರೈಮೊ ಬಹಳ ಹೊತ್ತು ಗೇಟನ್ನೇ ನೋಡಿ, "ತೈಸ್ಟೊನಾ? ಅವನಾ?" ಅಂದ.

ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಏಪ್ರಿಲ್ 5, ಶನಿವಾರ

ತೈಸ್ಟೊ ಮನೆಗೆ ಬಂದಿದ್ದಾನೆ. ಎರಡು ಬೆರಳು ತೆಗೆದಿದ್ದಾರೆ. ಕೈ ಮಣಿಕಟ್ಟಿನವರೆಗೂ ಬಟ್ಟೆಯೊಳಗಿದೆ. ಅವನ ಹೆಂಡತಿ ಮಾಯಿರೆಗೆ ಬೆನ್ನುನೋವು, ಸೌನಾದ ಆವಿಸ್ನಾನಕ್ಕೂ ಒಲೆಗೂ ಸೌದೆ ಒಡೆಯುವವರಿಲ್ಲ ಎಂದು ಅಂಗಡಿಯಲ್ಲಿ ಯಾರೋ ಹೇಳುತ್ತಿದ್ದರು. ಕೊಡಲಿ ತೆಗೆದುಕೊಂಡು ಹೋದೆ. ಏನು ಹೇಳಬೇಕೆಂದು ದಾರಿಯಲ್ಲಿ ಯೋಚಿಸಿಕೊಂಡಿದ್ದೆ, ಹೇಳುವ ಅಗತ್ಯ ಬರಲಿಲ್ಲ. ಮಾಯಿರೆ ಬಾಗಿಲು ತೆರೆದು ಕೊಡಲಿ ನೋಡಿ, "ಕೊಟ್ಟಿಗೆ ಹಿಂದೆ ಇದೆ," ಅಂದಳು.

ಆಮೇಲೆ ಒಳಗೆ ಕರೆದು ಅಕ್ಕಿಗಂಜಿ ತುಂಬಿದ ರೈ ಹಿಟ್ಟಿನ ಕಡುಬು, ಮೇಲೆ ಮೊಟ್ಟೆ ಬೆರೆಸಿದ ಬೆಣ್ಣೆ ಹಾಕಿ ಕೊಟ್ಟಳು. ಬೇಡ ಎನ್ನಲೂ ಬಾಯಿ ಬರಲಿಲ್ಲ. ತೈಸ್ಟೊ ಎದುರಿಗೆ ಕೂತಿದ್ದ.

"ನಾನು ಗೇಟು ತೆರೆದೆ," ಅಂದ. ನಾನೇನೂ ಕೇಳಿರಲಿಲ್ಲ. "ಎಡಗೈಲಿ ಚಿಲಕ ಎತ್ತಿದೆ. ಗೇಟು ಆ ಕಡೆ ಹೋಯ್ತು. ಹಲಗೆ ಹಿಡಿದೆ. ಅಷ್ಟರಲ್ಲಿ ಸರಪಳಿ ಎಳ್ಕೊಳ್ತು. ಇದನ್ನ ಆಸ್ಪತ್ರೇಲೂ ಹೇಳ್ದೆ, ಆ ತನಿಖೆ ಹೆಂಗಸಿಗೂ ಫೋನಲ್ಲಿ ಹೇಳ್ದೆ. 'ದಾಖಲೆ ಹಾಗೆ ಹೇಳ್ತಿಲ್ಲ' ಅಂತಾಳೆ."

"ನೋವಿದ್ದಾಗ ಮನುಷ್ಯನಿಗೆ ಏನೇನೋ ಅನ್ಸುತ್ತೆ," ಎಂದಳು ಮಾಯಿರೆ.

"ನೋವಾಗೋಕೆ ಮುಂಚೆ ತೆರೆದಿದ್ದು ಕಣೆ."

ಕಡುಬು ಪೂರ್ತಿ ತಿಂದೆ, ಬಿಟ್ಟರೆ ಯಾಕೆಂದು ಕೇಳುತ್ತಾರೆ.

ಏಪ್ರಿಲ್ 14, ಸೋಮವಾರ

ಕಾಫಿ ಹೊತ್ತಿಗೆ ಯಾರೋ ಬಿಸ್ಕತ್ತಿನ ಡಬ್ಬಿಗೆ ಮೇಲಿಂದ ಕೈ ಚಾಚಿದ. ಇನ್ನೊಬ್ಬ ತೈಸ್ಟೊನ ದನಿ ಮಾಡಿ, "ಮೇಲಿಂದ ಕೈ ಹಾಕೋನು..." ಎಂದು ಶುರು ಮಾಡಿದ. ಎಲ್ಲರೂ ನಕ್ಕರು, ಆಮೇಲೆ ನಗು ತಡೆದುಕೊಂಡರು. ರೈಮೊ ಲೋಟ ಇಟ್ಟು ಎದ್ದು ಹೋದ.

ತೈಸ್ಟೊ ಸುರಕ್ಷತೆಯ ಪ್ರತಿನಿಧಿ ಸ್ಥಾನ ಬಿಡುತ್ತೇನೆಂದು ಮ್ಯಾನೇಜರಿಗೆ ಫೋನ್ ಮಾಡಿದನಂತೆ. "ಯಾವ ಮುಖ ಇಟ್ಕೊಂಡು ಹೇಳ್ಲಿ ಇನ್ನು," ಅಂದನಂತೆ.

ಹೇಳಿಬಿಡಬೇಕು ಎಂದು ಅನ್ನಿಸುತ್ತದೆ. ಆದರೆ ಸಹಿ ರೈಮೊನದು. ನಿವೃತ್ತಿಗೆ ಅವನಿಗೆ ಇನ್ನು ಒಂದೇ ಚಳಿಗಾಲ. ನಾನು ಬಾಯಿ ಬಿಟ್ಟರೆ ಅವನ ಲೈಸೆನ್ಸ್ ಹೋಗುತ್ತದೆ. ಒಬ್ಬ ಮುದುಕನಿಗಾದದ್ದು ಸಾಲದು ಎಂದು ಇನ್ನೊಬ್ಬನನ್ನೂ ಎಳೆದುಹಾಕುವುದು ನ್ಯಾಯವಲ್ಲ. ತೈಸ್ಟೊನಿಗೆ ವಿಮೆಯ ಹಣ ಹೇಗೂ ಬರುತ್ತದೆ, ತಪ್ಪು ಯಾರದಾದರೂ ಬರುತ್ತದೆ. ಬೆರಳು ಮಾತ್ರ ಯಾರು ಏನು ಹೇಳಿದರೂ ಬರುವುದಿಲ್ಲ.

ಏಪ್ರಿಲ್ 19, ಶನಿವಾರ

ಇವತ್ತೂ ತೈಸ್ಟೊನ ಮನೆಯಲ್ಲಿ ಸೌದೆ ಒಡೆದು ಒಟ್ಟಿದೆ. ಸೌನಾ ಒಲೆ ಹಚ್ಚಿದೆ. ಬಾವಿಯ ಪಂಪು ಕೆಟ್ಟಿತ್ತು, ಸರಿಮಾಡಿದೆ. ಮಾಯಿರೆ ನನಗೆಂದು ಉಣ್ಣೆಯ ಕಾಲುಚೀಲ ಹೆಣೆಯುತ್ತಿದ್ದಾಳೆ, ಕಾಲಿನ ಅಳತೆ ಕೇಳಿದಳು. ಸುಳ್ಳು ಅಳತೆ ಹೇಳಿದೆ. ಯಾಕೆ ಹಾಗೆ ಹೇಳಿದೆನೋ ತಿಳಿಯದು.

ತೈಸ್ಟೊ ಕೊಟ್ಟಿಗೆಯ ಬಾಗಿಲಿಗೆ ಒರಗಿ ನಾನು ಸೌದೆ ಒಡೆಯುವುದನ್ನೇ ನೋಡುತ್ತಿದ್ದ.

"ನಿನ್ನನ್ನ ಒಂದು ಕೇಳ್ಬೇಕು ಹೆನ್ನಾ. ನೀನು ದಿನಾ ಆ ಪೆಟ್ಟಿಗೆ ಜೊತೆ ಇರೋಳು. ಕಂಟ್ರೋಲರ್ ತಪ್ಪು ಹೇಳೋದುಂಟಾ?"

ನಾನು ಕೊಡಲಿ ಎತ್ತಿದ್ದೆ. ಎತ್ತಿದ ಹಾಗೇ ಹೇಳಿದೆ: "ಅದಕ್ಕೆ ಬಂದಿದ್ದನ್ನ ಅದು ಹೇಳುತ್ತೆ. ಸುಳ್ಳು ಹೇಳಲ್ಲ."

"ಹೂಂ," ಅಂದ. "ಅದೂ ಸರಿ. ಯಂತ್ರಕ್ಕೇನು ಲಾಭ ಸುಳ್ಳು ಹೇಳಿ."

ನಾನು ಹೇಳಿದ್ದರಲ್ಲಿ ಸುಳ್ಳಿಲ್ಲ. ಎಷ್ಟು ಸಲ ಯೋಚಿಸಿದರೂ ಅದರಲ್ಲಿ ಒಂದು ಸುಳ್ಳು ಮಾತೂ ಸಿಗುವುದಿಲ್ಲ.

ಮೇ 1, ಗುರುವಾರ

ರಜೆ. ಪಟ್ಟಣದಲ್ಲಿ ಮೇ ದಿನದ ಬಲೂನು, ಹಾಡು. ನಾನು ಹೋಗಲಿಲ್ಲ. ಕೆರೆಯ ಹಿಮಗಡ್ಡೆ ನಿನ್ನೆ ಒಡೆಯಿತು, ದಡದಲ್ಲಿ ಗಾಜಿನ ಚೂರಿನ ಹಾಗೆ ಕಿಣಿಕಿಣಿ ಎನ್ನುತ್ತಿದೆ.

ಮಾಯಿರೆ ನಿಂಬೆ ಪಾನಕವನ್ನೂ ಸಕ್ಕರೆ ಹಾಕಿ ಕರಿದ ಬನ್ನನ್ನೂ ನನ್ನ ಮನೆಯ ಮೆಟ್ಟಿಲ ಮೇಲೆ ಇಟ್ಟು ಹೋಗಿದ್ದಳು. ಕಾಲುಚೀಲವೂ ಇತ್ತು. ಚಿಕ್ಕದಾಗಿದೆ. ಹಾಕಿಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಮೇ 10, ಶನಿವಾರ

ಇವತ್ತು ಹೋದಾಗ ತೈಸ್ಟೊ ಅಡಿಗೆಮನೆಯ ಮೇಜಿನಲ್ಲಿ ಕೂತು ಗಡಿಯಾರದ ಚಿತ್ರ ಬರೆಯುತ್ತಿದ್ದ. ಹಳೆಯ ಪತ್ರಿಕೆಯ ಅಂಚಿನ ತುಂಬ ಗಡಿಯಾರಗಳು. ಎಡಗೈಯಿಂದ ಬರೆದದ್ದಕ್ಕೆ ವೃತ್ತಗಳೆಲ್ಲ ಆಲೂಗಡ್ಡೆಯ ಹಾಗಿದ್ದವು.

"ಏನಿದು?" ಎಂದೆ. ಅವನ ಮನೆಯಲ್ಲಿ ನಾನಾಗಿ ಕೇಳಿದ ಮೊದಲ ಪ್ರಶ್ನೆ ಇದೇ ಇರಬೇಕು.

"ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ. ಮರೆವಿಂದು. ಹನ್ನೊಂದು ದಾಟಿ ಹತ್ತು ನಿಮಿಷ ತೋರ್ಸೋ ಗಡಿಯಾರ ಬರೀರಿ ಅಂದ್ರು. ನಾನು ಬರೆದ ಗಡಿಯಾರ ನೋಡಿ ಅಲ್ಲಿನ ನರ್ಸ್ ಹುಡುಗಿ, 'ನೀವು ಬಲಗೈನವ್ರಾ?' ಅಂದ್ಲು. ಹೂಂ ಅಂದೆ. 'ಹಾಗಾದ್ರೆ ಹೇಳೋದು ಕಷ್ಟ, ಇನ್ನೊಂದ್ಸಲ ನೋಡೋಣ' ಅಂದ್ಲು."

"ಆದ್ರೆ ಯಾಕೆ... ಮರೆವು?"

ಅವನು ನನ್ನನ್ನು ನೋಡಲಿಲ್ಲ. ಪೆನ್ಸಿಲಿನ ತುದಿ ನೋಡಿದ. "ನಮ್ಮಮ್ಮನಿಗೂ ಹೀಗೇ ಶುರುವಾಗಿದ್ದು. 'ಒಲೆ ಆರಿಸಿದ್ದೆ' ಅಂತ ಆಣೆ ಇಡೋಳು, ಆರಿಸಿರ್ತಾ ಇರ್ಲಿಲ್ಲ. ಅವಳ ತಲೇಲಿ ಆರಿಸಿಬಿಟ್ಟಿರೋಳು, ಕಣ್ಣಿಗೆ ಕಟ್ಟಿದ ಹಾಗೆ. ನನಗೂ ಆ ಗೇಟು ಕಣ್ಣಿಗೆ ಕಟ್ಟಿದ ಹಾಗಿದೆ. ಚಿಲಕ ತಣ್ಣಗಿದ್ದಿದ್ದೂ ನೆನಪಿದೆ. ಅದೇ ಭಯ. ಇಷ್ಟು ಚೆನ್ನಾಗಿ ನೆನಪಿರೋದು ನಡೆದೇ ಇಲ್ಲ ಅಂದ್ರೆ, ಇನ್ನು ಯಾವುದನ್ನ ನಂಬ್ಲಿ?"

ಮಾಯಿರೆ ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ನಿಂತಿದ್ದಳು, ಈ ಕಡೆ ತಿರುಗಲಿಲ್ಲ.

ಇದು ನನಗೆ ಹೊಳೆದಿರಲಿಲ್ಲ. ಕೈ ಹೋಯಿತು, ಮರ್ಯಾದೆ ಹೋಯಿತು ಎಂದಷ್ಟೇ ಲೆಕ್ಕ ಹಾಕಿಕೊಂಡಿದ್ದೆ. ಅವನು ಒಳಗೆ ಕೂತು ತನ್ನ ತಲೆಯ ಮೇಲೇ ಅನುಮಾನಪಡುತ್ತಾ ಇರಬಹುದೆಂದು ನನಗೆ ಹೊಳೆದಿರಲಿಲ್ಲ.

ಸೌದೆ ಒಡೆದೆ. ಬೇಕಾದದ್ದಕ್ಕಿಂತ ಹೆಚ್ಚು ಒಡೆದೆ. ಮುಂದಿನ ವರ್ಷಕ್ಕೂ ಸಾಕು.

ಮೇ 13, ಮಂಗಳವಾರ

ಇವತ್ತು ರೈಮೊನಿಗೆ ಹೇಳಬೇಕೆಂದು ಹೋದೆ. ಅವನು ಏಣಿಯ ಕೆಳಗೆ ನಿಂತು ತಂತಿಯ ಸಿಪ್ಪೆ ಸುಲಿಯುತ್ತಿದ್ದ. "ಏನು?" ಅಂದ. ಚಿಕ್ಕ ಕಟ್ಟರ್ ಎಲ್ಲಿದೆ ಎಂದು ಕೇಳಿದೆ. ಅದು ನನ್ನ ಜೇಬಿನಲ್ಲೇ ಇತ್ತು, ಅವನಿಗೂ ಕಾಣುತ್ತಿತ್ತು.

ಮೇ 17, ಶನಿವಾರ

ಹೋಗಲಿಲ್ಲ. ಜ್ವರ ಎಂದು ಮಾಯಿರೆಗೆ ಸಂದೇಶ ಕಳಿಸಿದೆ. ಅವಳು ಮೀನಿನ ಸಾರು ಕಳಿಸಿದಳು.

ಮೇ 24, ಶನಿವಾರ

ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ.

ಬಿಸಿಲಿತ್ತು. ಮಾಯಿರೆ ಚಳಿಗಾಲದ ಬಟ್ಟೆಚಾಪೆಗಳನ್ನೆಲ್ಲ ತೊಳೆಯಲು ಕೆರೆಯ ಕಟ್ಟೆಗೆ ಹಾಕಿದ್ದಳು. ಅವಳು ಸೋಪು ಸುರಿದಳು, ನಾನು ಮಂಡಿಯೂರಿ ಬ್ರಷ್ಷಿನಿಂದ ಉಜ್ಜುತ್ತಿದ್ದೆ. ತೈಸ್ಟೊ ಕಟ್ಟೆಯ ತುದಿಯಲ್ಲಿ ಕುರ್ಚಿ ಹಾಕಿ ಕೂತಿದ್ದ. ಬಟ್ಟೆ ಬಿಚ್ಚಿದ ಕೈಯನ್ನು ಬಿಸಿಲಿಗೆ ಇಟ್ಟುಕೊಂಡಿದ್ದ. ನಾನು ಅದನ್ನು ಮೊದಲ ಸಲ ನೋಡಿದ್ದು.

"ಹೆನ್ನಾ, ನಿನ್ನ ಹತ್ರ ಒಂದು ಮಾತು ಬಾಕಿ ಇದೆ," ಅಂದ.

"ಆ ಹುಡುಗಿಗೆ ಕೆಲ್ಸ ಮಾಡೋಕೆ ಬಿಡಿ," ಎಂದಳು ಮಾಯಿರೆ.

"ಇರು. ಇದು ಹೇಳಿಬಿಡ್ಬೇಕು, ಆಮೇಲೆ ಮರೆತುಹೋದ್ರೆ?" ಅವನು ನಗಲು ನೋಡಿದ. "ಆಸ್ಪತ್ರೇಲಿದ್ದಾಗ ಸಿಕ್ಕಿದೋರಿಗೆಲ್ಲ ಹೇಳ್ದೆ, ಗೇಟು ಕೆಟ್ಟಿದೆ, ಹೊಸದಾಗಿ ಹಾಕಿದ್ದು ಸರಿಯಿಲ್ಲ ಅಂತ. ಹಾಕಿದ್ದು ನೀನು ಅಂತ ಗೊತ್ತಿದ್ದೂ ಹೇಳ್ದೆ. ಅಷ್ಟು ಅಚ್ಚುಕಟ್ಟಾಗಿ ಕೆಲ್ಸ ಮಾಡೋ ಹುಡುಗಿ ಮೇಲೆ ಹಾಕ್ದೆ ನೋಡು. ನೀನು ಒಂದು ಮಾತು ಎದುರಾಡ್ಲಿಲ್ಲ. ಬಂದು ಸೌದೆ ಒಡೆದೆ. ನನ್ನ ತಪ್ಪಾಯ್ತಮ್ಮ. ಮನಸ್ಸಲ್ಲಿ ಇಟ್ಕೋಬೇಡ."

ಬ್ರಷ್ಷು ನನ್ನ ಕೈಯಲ್ಲಿ ತಾನಾಗಿ ಓಡುತ್ತಲೇ ಇತ್ತು. ನಿಲ್ಲಿಸಿದೆ.

"ಗೇಟು ತೆರೆದಿತ್ತು," ಅಂದೆ.

ಇಬ್ಬರಿಗೂ ಕೇಳಿಸಲಿಲ್ಲವೇನೋ. ಮತ್ತೆ ಹೇಳಿದೆ. ಎಲ್ಲವನ್ನೂ ಹೇಳಿದೆ. ರೆಸಿಸ್ಟರ್ ಇರಲಿಲ್ಲ ಎಂದು, ಕೇಳಲು ಬಂದು ಬಾಗಿಲಿನಿಂದ ತಿರುಗಿ ಹೋದೆ ಎಂದು, ದೀಪ ಪೂರ್ತಿ ಆರದೆ ಇದ್ದದ್ದು ಕಂಡಿತ್ತು ಎಂದು, ಪೆಟ್ಟಿಗೆಯೊಳಗೆ ನೀರಿತ್ತು ಎಂದು. ಮಾರನೆಯ ದಿನ ಯಾರಿಗೂ ಹೇಳದೆ ಸರಿಮಾಡಿದೆ, ತನಿಖೆಯವಳು ನೋಡಿದ್ದು ಸರಿಮಾಡಿದ ಗೇಟನ್ನು ಎಂದು. ಅಷ್ಟು ಉದ್ದ ನಾನು ಯಾವತ್ತೂ ಮಾತಾಡಿರಲಿಲ್ಲ. ಚಾಪೆಯ ನೀಲಿ ಪಟ್ಟೆಯನ್ನು ನೋಡುತ್ತಾ ಹೇಳಿದೆ.

ತೈಸ್ಟೊ ಎದ್ದು ನಿಂತ.

"ಅಂದ್ರೆ ನಾನು ತೆರೆದಿದ್ದೆ."

"ತೆರೆದಿದ್ರಿ."

"ಎಡಗೈಲಿ."

"ಅದು ನನಗೆ ಗೊತ್ತಿಲ್ಲ. ನೀವು ಎಡಗೈ ಅಂದ್ರೆ ಎಡಗೈಯೇ."

"ಎಡಗೈಯೇ," ಅಂದ. ಹೆಂಡತಿಯ ಕಡೆ ತಿರುಗಿದ. ಅವನ ಮುಖ ನಾನು ನೋಡಲಾರದಂತಾಗಿತ್ತು, ಅಷ್ಟು ಬೆಳಕಿತ್ತು ಅದರಲ್ಲಿ. "ಮಾಯಿರೆ, ಕೇಳಿದ್ಯಾ? ನಾನು ತೆರೆದಿದ್ದೆ ಕಣೆ. ಚಿಲಕ ತಣ್ಣಗಿತ್ತು." ನಗುತ್ತಿದ್ದ, ಎಡಗೈಯಿಂದ ಕಣ್ಣೊರೆಸಿಕೊಳ್ಳುತ್ತಿದ್ದ. ನನ್ನ ಮೇಲೆ ಕೂಗಾಡುತ್ತಾನೆಂದು ತಿಂಗಳುಗಟ್ಟಲೆ ಹೆದರಿಕೊಂಡಿದ್ದೆ. ಇಂಥ ಸಂತೋಷಕ್ಕೆ ನಾನು ಸಿದ್ಧಳಾಗಿರಲಿಲ್ಲ. ಇಷ್ಟು ದಿನ ನನ್ನ ಹತ್ತಿರ ಇಟ್ಟುಕೊಂಡಿದ್ದದ್ದು ಇದನ್ನೇ.

ಮಾಯಿರೆಯೂ ಕೂಗಾಡಲಿಲ್ಲ. ಅವಳು ಮೆಲ್ಲಗೆ ಮಾತಾಡಿದಳು.

"ನನ್ನ ಮೇಜಲ್ಲಿ ಕೂತು ಉಂಡೆ. ಅವರು ಗಡಿಯಾರ ಬರೀತಿದ್ರೆ ಎದುರಿಗೆ ಕೂತು ಉಂಡೆ. ಅವರು ನಿದ್ದೆ ಮಾಡೋ ರಾತ್ರಿ ಒಂದೂ ಇರ್ಲಿಲ್ಲ, ನಿನಗೆ ಗೊತ್ತಾ?"

"ಬಿಡು ಮಾಯಿರೆ," ಎಂದ ತೈಸ್ಟೊ. ಆದರೆ ಅವನೂ ಈಗ ನಗುತ್ತಿರಲಿಲ್ಲ. ಕುರ್ಚಿಯ ಬೆನ್ನು ಹಿಡಿದು ನನ್ನನ್ನು ನೋಡಿದ, ಈಗಷ್ಟೇ ಗುರುತು ಹತ್ತಿದ ಹಾಗೆ. "ನಾನು ಕೇಳಿದ್ದೆ ಅಲ್ವಾ ನಿನ್ನ. ಕೊಟ್ಟಿಗೆ ಹತ್ರ. ಯಂತ್ರ ತಪ್ಪು ಹೇಳುತ್ತಾ ಅಂತ."

"ಕೇಳಿದ್ರಿ."

"ಕೈ ಹೋಗಿದ್ದಕ್ಕೆ ನಾನು ಏನೂ ಅನ್ನಲ್ಲ. ಮಿಲ್ಲಲ್ಲಿ ಕೈ ಹೋಗುತ್ತೆ. ಆದ್ರೆ ಅವತ್ತು ನಾನು ಕೇಳಿದ್ದೆ."

ಒಳಗೆ ಹೋದ. ನಾನು ಎದ್ದೆ. ಮಾಯಿರೆ ಬ್ರಷ್ಷಿನ ಕಡೆ ಕೈ ತೋರಿಸಿ, "ಹಿಡಿದ ಚಾಪೆ ಮುಗಿಸಿ ಹೋಗು," ಅಂದಳು. ಮುಗಿಸಿದೆ. ಇಬ್ಬರೂ ಸೇರಿ ಹಿಂಡಿ ಗಳಕ್ಕೆ ಹಾಕಿದೆವು. ಮತ್ತೆ ಬಾ ಎಂದು ಅವಳು ಹೇಳಲಿಲ್ಲ.

ಮೇ 26, ಸೋಮವಾರ

ಮೊದಲು ರೈಮೊನಿಗೆ ಹೇಳಿದೆ, ನಿಂತ ಮೆಟ್ಟಿನಲ್ಲೇ. "ಆಯ್ತಾ ಅಂತ ಕೇಳ್ದೆ. ಹೋಗಿ ನೋಡ್ಬೇಕಿತ್ತು. ಮಂಡಿ ನೋವು ಅಂದ್ಬಿಟ್ಟೆ," ಅಂದ. ಬೈಯಲಿಲ್ಲ. ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ಬಾ, ಮ್ಯಾನೇಜರ್ ಹತ್ರ ಹೋಗೋಣ. ನಾನೂ ಬರ್ತೀನಿ."

ಮ್ಯಾನೇಜರಿಗೆ ಹೇಳಿದೆ. ಆಮೇಲೆ ಕಾಫಿ ಕೋಣೆಗೆ ಹೋಗಿ ಅಲ್ಲಿದ್ದವರಿಗೂ ಹೇಳಿದೆ. ಯಾರೂ ಹೇಳು ಎಂದಿರಲಿಲ್ಲ. ಹೊರಗೆ ಬಂದಮೇಲೆ ಹಸಿವಾಯಿತು. ಬುತ್ತಿ ತಂದಿರಲಿಲ್ಲ.

ತನಿಖೆ ಮುಗಿಯುವವರೆಗೂ ಕೆಲಸಕ್ಕೆ ಬರಬಾರದು ಎಂದಿದ್ದಾರೆ.

ಜೂನ್ 4, ಬುಧವಾರ

ಹೇಳಿಕೆ ಕೊಡಲು ಇವತ್ತು ಮಿಲ್ಲಿಗೆ ಕರೆಸಿದ್ದರು. ತನಿಖೆಯ ಹೆಂಗಸು ರೆಸಿಸ್ಟರ್ ಕಳಚಲು ಹೇಳಿದಳು, ಬಿಸಿನೀರಿನ ಪಾತ್ರೆ ಹಿಡಿದು ಪೆಟ್ಟಿಗೆಯೊಳಗೆ ಆವಿ ಕೂಡಿಸಿದಳು. ಗೇಟು ತೆರೆದಳು. ಸರಪಳಿ ನಿಲ್ಲಲಿಲ್ಲ. ಓಡುತ್ತಲೇ ಇತ್ತು. ಎಲ್ಲರೂ ನೋಡಿದರು.

ರೈಮೊನ ಲೈಸೆನ್ಸ್ ವಿಷಯ ಇನ್ನೂ ತೀರ್ಮಾನವಾಗಿಲ್ಲ. ನನ್ನದಂತೂ ಆಯಿತು. ಈ ತಿಂಗಳ ಕೊನೆಗೆ ನನ್ನ ಕೆಲಸ ಮುಗಿಯುತ್ತದೆ.

ತೈಸ್ಟೊ ಬಂದಿದ್ದ. ಅಪಘಾತವಾದ ಮೇಲೆ ಮೊದಲ ಸಲ. ಕಾಫಿ ಕೋಣೆಯಲ್ಲಿ ಅವನಿಗೆ ಕುರ್ಚಿ ಬಿಟ್ಟುಕೊಟ್ಟರು. ಹುಡುಗರು ಒಬ್ಬರಾದ ಮೇಲೆ ಒಬ್ಬರು ಬಂದು, "ಹೇಗಾಯ್ತು ತೈಸ್ಟೊ, ಹೇಳು," ಎಂದು ಕೇಳಿದರು. ಅವನು ಪ್ರತಿಯೊಬ್ಬನಿಗೂ ಮೊದಲಿನಿಂದ ಹೇಳಿದ. ಎಡಗೈಯಿಂದ ಚಿಲಕ ಎತ್ತಿದೆ, ಗೇಟು ಆ ಕಡೆ ಹೋಯಿತು, ಹಲಗೆ ಹಿಡಿದೆ. ಹೊಸಬನೊಬ್ಬ ಬಂದರೆ ಮತ್ತೆ ಮೊದಲಿನಿಂದ. ಒಬ್ಬೊಬ್ಬನ ಮುಖವನ್ನೂ ನೇರವಾಗಿ ನೋಡಿ ಹೇಳುತ್ತಿದ್ದ, ನನ್ನೊಬ್ಬಳನ್ನು ಬಿಟ್ಟು.

ನಾನು ಬಾಗಿಲ ಹತ್ತಿರ ನಿಂತು ಕೇಳಿದೆ. ಎಷ್ಟು ಸಲ ಹೇಳಿದರೂ ಒಂದು ಮಾತೂ ಬದಲಾಗಲಿಲ್ಲ.